ಅಪ್ಪ ಆರಿಸಿದ ಹೋಂ ಥೇಟರ್

ಹೋಂ ಥೇಟರ್ ತರೋಣ ಎಂಬ ಮಾತನ್ನು ಮೊದಲು ಎತ್ತಿದವನು ಅಣ್ಣ. ಎರಡು ಸಾವಿರದ ಆರೋ ಏಳೋ ಇರಬೇಕು. ಬ್ಯಾಡಗಿಯ ನಮ್ಮ ಮನೆಗೆ ಆಗಷ್ಟೇ ಮೇಲಂತಸ್ತು ಕಟ್ಟಿಸಿದ್ದೆವು. ಅಣ್ಣನ ಮದುವೆಯಾಗಿ ಒಂದು ವರ್ಷವಾಗಿತ್ತು, ಅತ್ತಿಗೆಯ ತವರಿನಲ್ಲಿ ಅಂಥದೊಂದು ಇತ್ತು. ಅಪ್ಪ ಒಪ್ಪುವುದಿಲ್ಲ ಎಂದೇ ನಾವಿಬ್ಬರೂ ಎಣಿಸಿದ್ದೆವು. ಊಟಕ್ಕೆ ಕೂತಾಗ ಅಣ್ಣ ವಿಷಯ ತೆಗೆದ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದರು. ಅವ್ವ ಬಡಿಸುತ್ತಲೇ, "ಹೋಂ ಥೇಟರ್ ತರೂಣಂತ್ರಿ, ಮನ್ಯಾಗ ಸಿನಿಮಾ ನೋಡಾಕ" ಅಂದಳು.

"ರಿಕಾರ್ಡ್ ಮಾಡೂದು ಇರತೈತೇನು ಅದರಾಗ?"

"ಈಗ ಎಲ್ಲಾ ಒಂದರಾಗ ಇರೂವೂ ಬಂದಾವಂತ್ರಿ" ಅಂದ ಅಣ್ಣ.

"ಹಂಗಿದ್ರ ಅಂಥಾದ್ದ ತರೂಣು. ನಾನೂ ಬರತೇನಿ. ಆರಿಸೂದು ನಾನು."

ಆರಿಸುವುದು ಯಾವಾಗಲೂ ಅಪ್ಪನೇ. ಮೆಣಸಿನಕಾಯಿ ಪೇಟೆಯಲ್ಲಿ ನಮ್ಮದು ದಲಾಲಿ ಅಂಗಡಿ. ರೈತರು ಚೀಲ ತಂದು ಇಳಿಸಿದರೆ ಅಪ್ಪ ಒಂದು ಮುಷ್ಟಿ ಕಾಯಿ ತೆಗೆದು ಕಿವಿಯ ಹತ್ತಿರ ಅಲುಗಾಡಿಸುತ್ತಿದ್ದರು. ಒಳಗಿನ ಬೀಜದ ಸದ್ದಿನಿಂದಲೇ ಕಾಯಿ ಎಷ್ಟು ಒಣಗಿದೆ, ಮೇಲೆ ನೀರು ಚಿಮುಕಿಸಿ ತಂದಿದ್ದಾರೋ ಇಲ್ಲವೋ ಎಂದು ಹೇಳಿಬಿಡುತ್ತಾರೆ ಎಂಬ ಹೆಸರಿತ್ತು. ಅವರು ಕಿವಿಗೆ ಮುಷ್ಟಿ ಹಿಡಿದಾಗ ಸುತ್ತಲಿನವರೆಲ್ಲ ಮಾತು ನಿಲ್ಲಿಸುತ್ತಿದ್ದರು. ಅವರು ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ನನಗೆ ಚಿಕ್ಕಂದಿನಿಂದ ಮಾತು ತಡವರಿಸುತ್ತಿತ್ತು. 'ಮ'ಕಾರ ಬಂದರೆ ಬಾಯಿ ಕಟ್ಟಿಯೇ ಹೋಗುತ್ತಿತ್ತು. ಮೂರನೇ ಇಯತ್ತೆಯಲ್ಲಿದ್ದಾಗ ಒಮ್ಮೆ ಅಪ್ಪ ಅಂಗಡಿಯಲ್ಲಿ ನನ್ನನ್ನು ಕರೆದು, ರೈತನೊಬ್ಬನ ಚೀಲದ ಮೇಲಿನ ನಂಬರು ಓದಲು ಹೇಳಿದರು. ಮೂವತ್ತಮೂರು. ನಾನು ಮೂ, ಮೂ ಎನ್ನುತ್ತಾ ನಿಂತೆ. ಅಪ್ಪ ತುಟಿ ಮುಂದೆ ಮಾಡಿ, "ಮೂ, ಮೂ ಅಂತ ಎಮ್ಮಿ ಕರದಂಗ ಯಾಕ ಮಾಡತಿ? ಕರು ಕಳದೈತೇನು?" ಅಂದರು. ಹಮಾಲರು ಚೀಲ ಹೊತ್ತವರು ಹೊತ್ತಂತೆಯೇ ನಕ್ಕರು. ಆಮೇಲೆ ಅದೊಂದು ಆಟವಾಯಿತು. ಬೀಗರು ಬಂದರೆ, ವ್ಯಾಪಾರಿಗಳು ಬಂದರೆ, ಅಪ್ಪ ನನ್ನನ್ನು ಕರೆದು ಏನಾದರೊಂದು ಹೇಳಿಸುತ್ತಿದ್ದರು, ತಾವೂ ನನ್ನ ಹಾಗೆ ಮಾಡಿ ತೋರಿಸುತ್ತಿದ್ದರು. ಕಾಲೇಜಿಗೆ ಹೋಗುವ ಹೊತ್ತಿಗೆ ನನ್ನ ತಡವರಿಕೆ ಸಾಕಷ್ಟು ಕಡಿಮೆಯಾಗಿತ್ತು. ಆದರೆ ಅಪ್ಪ ಬಿಡಲಿಲ್ಲ. ಬಿ.ಕಾಂ. ಮುಗಿಸಿ ನಾನು ಅಂಗಡಿಯಲ್ಲಿ ಕೂತ ಮೇಲೂ, ನಾನು ಏನು ಹೇಳಿದರೂ ಹುಬ್ಬು ಗಂಟಿಕ್ಕಿ, "ಏನಂದಿ? ಇನ್ನೊಮ್ಮೆ ಹೇಳು" ಅನ್ನುತ್ತಿದ್ದರು. ಬೇರೆ ಯಾರಿಗೂ ಹಾಗೆ ಅನ್ನುತ್ತಿರಲಿಲ್ಲ. ಎರಡನೇ ಸಲ ಹೇಳಬೇಕಾದಾಗ ಹಳೆಯ ತಡವರಿಕೆ ಮತ್ತೆ ಬರುತ್ತಿತ್ತು. ಬೇಕೆಂದೇ ಮಾಡುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಹೇಳುತ್ತಿದ್ದೆ.

ಮೊದಲು ಹಾವೇರಿಗೆ ಹೋದೆವು. ಅಲ್ಲಿಯ ಅಂಗಡಿಯಲ್ಲಿ ಎಲ್ಲ ಬಿಡಿಬಿಡಿಯಾಗಿ ಇದ್ದವು. ಡಿವಿಡಿ ಪ್ಲೇಯರ್ ಬೇರೆ, ಆಂಪ್ಲಿಫೈಯರ್ ಬೇರೆ, ಐದು ಸಣ್ಣ ಸ್ಪೀಕರು, ನೆಲದ ಮೇಲಿಡುವ ದೊಡ್ಡ ವೂಫರ್ ಒಂದು. ರಿಕಾರ್ಡರ್ ಬೇಕೆಂದರೆ ಮತ್ತೊಂದು ಡಬ್ಬಿ. ಅಂಗಡಿಯವನು ಹಾಡು ಹಚ್ಚಿದ. ಅಪ್ಪ ಬಗ್ಗಿ ವೂಫರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ಅಪ್ಪಾಗ ಎಲ್ಲಾ ತಿಳಿತೈತಿ ನೋಡು" ಎಂದು ಅಣ್ಣ ನನ್ನ ಕಿವಿಯಲ್ಲಿ ಹೇಳಿದ. ಅವನಿಗೆ ಹೆಮ್ಮೆಯೇ ಆಗಿತ್ತು.

ಅಪ್ಪ ಕಣ್ಣು ತೆರೆದು ಅಂಗಡಿಯವನನ್ನು ಕೇಳಿದರು: "ರಿಕಾರ್ಡ್ ಮಾಡಿದ್ದನ್ನ ನಡಕ ನಿಲ್ಲಿಸಿ, ಹಿಂದಕ ಹೋಗಿ, ಅದ ಮಾತನ್ನ ಮತ್ತ ಹಚ್ಚಾಕ ಬರತೈತೇನು?"

ಅಂಗಡಿಯವನು ಡಬ್ಬಿಯ ಹಿಂದೆ ಬಗ್ಗಿ ವೈರು ಬಿಚ್ಚುತ್ತಾ, "ಹತ್ತ ಸಲ ಬೇಕಾದ್ರೂ ಹಚ್ಚರಿ" ಅಂದ. ಅಪ್ಪ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಅವನು ಬಗ್ಗಿದಲ್ಲಿಂದಲೇ ಅದೇ ಉತ್ತರ ಹೇಳಿದ. ಅಪ್ಪ ಮೂರನೇ ಸಲ ಕೇಳಿದರು. ಅವನು ಎದ್ದು ನಿಂತು, "ಸಾವ್ಕಾರ್ರ, ಎರಡ ಸಲ ಹೇಳೇನ್ರಿ" ಅಂದ.

"ಮಾರಿ ನೋಡಿ ಮಾತಾಡೂದು ಕಲಿ ಮೊದಲ" ಎಂದು ಅಪ್ಪ ತಮ್ಮ ಮುಖ ತೋರಿಸಿ, ಚಪ್ಪಲಿ ಮೆಟ್ಟಿ ಹೊರಗೆ ನಡೆದರು.

ನಾವು ಹಿಂದೆ ಹೋದೆವು. ಅಪ್ಪ ನಾಲ್ಕು ಹೆಜ್ಜೆ ಮುಂದಿದ್ದರು. ಅಣ್ಣ ನನ್ನನ್ನು ನೋಡಿ, ದನಿ ತಗ್ಗಿಸದೆ ಕೇಳಿದ, "ಅಪ್ಪಾಗ ಕಿವಿ ಕೇಳೂದಿಲ್ಲೇನು?" ಅಪ್ಪ ತಿರುಗಲಿಲ್ಲ. ಅಣ್ಣ ಇನ್ನೂ ಗಟ್ಟಿಯಾಗಿ, "ಅಪ್ಪಾ, ನಿಮ್ಮ ರೊಕ್ಕ ಬಿದ್ದಾವ್ರಿ" ಅಂದ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೆಲ ನೋಡಿದರು. ಅಪ್ಪ ನಡೆಯುತ್ತಲೇ ಇದ್ದರು.

ನನಗೆ ಆ ಕ್ಷಣ ಆದ ಖುಷಿಯನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಮನೆಗೆ ಹೋಗುವವರೆಗೆ ನಾವಿಬ್ಬರೂ ಕಣ್ಣಲ್ಲೇ ಮಾತಾಡಿಕೊಂಡೆವು. ಖಾತ್ರಿ ಮಾಡಿಕೊಳ್ಳಬೇಕಿತ್ತು, ಅಷ್ಟೇ.

ಮೂರು ದಿನ ಬಿಟ್ಟು ರಾಣೆಬೆನ್ನೂರಿಗೆ ಹೋದೆವು. ಅಲ್ಲಿ ದೊಡ್ಡ ಅಂಗಡಿ. ಮೇಲಿನ ಕೋಣೆಯಲ್ಲಿ ಪರದೆ ಬಿಟ್ಟು, ಸೋಫಾ ಹಾಕಿ, ದೊಡ್ಡ ಟಿವಿಯ ಮುಂದೆ ತೋರಿಸುವ ವ್ಯವಸ್ಥೆ ಇತ್ತು. ಅಪ್ಪ ಕೇಳಿದಂಥದೇ ಅಲ್ಲಿತ್ತು. ಡಿವಿಡಿ, ರೇಡಿಯೋ, ಆಂಪ್ಲಿಫೈಯರ್, ಟಿವಿಯಲ್ಲಿ ಬಂದದ್ದನ್ನು ಹಿಡಿದಿಡುವ ಹಾರ್ಡ್ ಡಿಸ್ಕ್, ಎಲ್ಲ ಒಂದೇ ಪೆಟ್ಟಿಗೆಯೊಳಗೆ. ಅಂಗಡಿಯ ಮಾಲೀಕ ಅಪ್ಪನಿಗೆ ಸೋಫಾದ ನಡುವೆ ಜಾಗ ಕೊಟ್ಟ. ಬೀಜದ ವ್ಯಾಪಾರಿಯೊಬ್ಬರು ಟಿವಿ ಕೊಳ್ಳಲು ಬಂದಿದ್ದರು. ಅಪ್ಪನ ಪರಿಚಯದವರು, ವಾರಕ್ಕೊಮ್ಮೆ ನಮ್ಮ ಪೇಟೆಗೆ ಬರುತ್ತಿದ್ದವರು. ಅವರೂ ನೋಡಲು ನಿಂತರು.

ಮಾಲೀಕ ಡಿಸ್ಕು ಹಾಕಿದ. ಮಳೆ ಸುರಿಯಿತು, ಹಿಂದಿನ ಸ್ಪೀಕರಿನಿಂದ ಗುಡುಗು ಬಂತು, ಕುದುರೆಗಳು ಬೆನ್ನ ಹಿಂದಿನಿಂದ ಓಡಿ ಬಂದು ಪರದೆಯೊಳಗೆ ಹೊಕ್ಕಂತಾಯಿತು. ಬೀಜದ ವ್ಯಾಪಾರಿ ಬೆಚ್ಚಿ ಹಿಂದೆ ತಿರುಗಿದರು. ಅಪ್ಪ ಮುಂದೆಯೇ ನೋಡುತ್ತಿದ್ದರು. ರಿಮೋಟ್ ಹೇಗಿದೆ ನೋಡುತ್ತೇನೆ ಎಂದು ನಾನು ಅದನ್ನು ಮಾಲೀಕನ ಕೈಯಿಂದ ಇಸಿದುಕೊಂಡಿದ್ದೆ. ಅಣ್ಣ ನನ್ನ ಕಡೆ ನೋಡಿ ಗಲ್ಲ ಮೇಲೆತ್ತಿದ. ನಾನು ಮ್ಯೂಟ್ ಒತ್ತಿದೆ.

ಸದ್ದು ನಿಂತಿತು. ಪರದೆಯ ಮೇಲೆ ಕುದುರೆಗಳು ಓಡುತ್ತಲೇ ಇದ್ದವು. ಕೆಳಗಿನ ರಸ್ತೆಯ ಹಾರ್ನು ಕೇಳಿಸುವಷ್ಟು ಕೋಣೆ ಸುಮ್ಮನಾಯಿತು. ಮಾಲೀಕ ನನ್ನತ್ತ ನೋಡಿದ; ಅಣ್ಣ ತುಟಿಯ ಮೇಲೆ ಬೆರಳಿಟ್ಟ. ಅಪ್ಪ ಕುದುರೆಗಳ ಲಯಕ್ಕೆ ಸಣ್ಣಗೆ ತಲೆಯಾಡಿಸುತ್ತಿದ್ದರು.

ಅಣ್ಣ ಅವರ ಎದುರಿಗೆ ಹೋಗಿ ಬಗ್ಗಿ ಕೇಳಿದ, "ಹೆಂಗೈತ್ರಿ ಅಪ್ಪಾ, ಸೌಂಡು?"

"ಛಲೋ ಐತಿ" ಅಂದರು ಅಪ್ಪ. "ಎದಿಗೆ ಬಂದು ಬಡಿತೈತಿ. ಹಾವೇರಿದು ಇದರ ಮುಂದ ಏನೂ ಅಲ್ಲ."

ಮೊದಲು ನಕ್ಕವರು ಬೀಜದ ವ್ಯಾಪಾರಿ. ಆಮೇಲೆ ಮಾಲೀಕ, ಅಣ್ಣ, ನಾನು. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದರು. ತಾವೇನೋ ತಮಾಷೆಯ ಮಾತು ಆಡಿದೆವು ಎಂದುಕೊಂಡಿರಬೇಕು. ಅವರೂ ನಕ್ಕರು. ಅವರು ನಕ್ಕದ್ದು ನೋಡಿ ನಮ್ಮ ನಗು ಇನ್ನೂ ಜೋರಾಯಿತು. ಬೀಜದ ವ್ಯಾಪಾರಿ ಗೋಡೆ ಹಿಡಿದುಕೊಂಡು ಕೆಮ್ಮಿದರು.

ನಗು ಬಹಳ ಹೊತ್ತಾಯಿತು ಎಂದು ಅನಿಸಿದ್ದಕ್ಕೋ ಏನೋ, ಅಪ್ಪ ಸೋಫಾದಿಂದ ಎದ್ದರು. ಟಿವಿಯ ಪಕ್ಕ ಹೋಗಿ, ಕೂತು, ವೂಫರಿನ ಮೇಲೆ ಅಂಗೈ ಇಟ್ಟರು. ಪರದೆಯ ಮೇಲೆ ಮೋಡ ಸಿಡಿಯುತ್ತಿತ್ತು. ಅದುರದ ವೂಫರಿನ ಮೇಲೆ ಅವರ ಅಂಗೈ ಹಾಗೇ ಇತ್ತು. ನಾನು ಗಡಬಡಿಸಿ ಮತ್ತೆ ಮ್ಯೂಟ್ ಒತ್ತಿದೆ. ಗುಡುಗು ಕೋಣೆ ತುಂಬಾ ಬಂತು. ಅಪ್ಪ ಕೈ ತೆಗೆದು, ಧೋತರದ ಅಂಚಿಗೆ ಒರೆಸಿಕೊಂಡು, ಎದ್ದು ನಿಂತರು. ಯಾರ ಮುಖವನ್ನೂ ನೋಡಲಿಲ್ಲ.

"ಇದನ್ನ ಕಟ್ರಿ" ಅಂದರು.

ಜೀಪಿನಲ್ಲಿ ಅಪ್ಪ ಮುಂದೆ ಡ್ರೈವರನ ಪಕ್ಕ ಕೂತಿದ್ದರು, ಡಬ್ಬಿ ಹಿಂದೆ ನಮ್ಮಿಬ್ಬರ ನಡುವೆ ಇತ್ತು. ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ಹೊರಳುವಲ್ಲಿ ಅವರು ಹಿಂದೆ ತಿರುಗಿದರು. "ರಿಮೋಟು ಯಾರ ಕೈಯಾಗಿತ್ತು?"

"ಅಂಗಡ್ಯಾವನ ಕೈಯಾಗರಿ" ಅಂದ ಅಣ್ಣ.

ಅಪ್ಪ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಮುಂದೆ ತಿರುಗಿದರು.

ಅದನ್ನು ನಡುಮನೆಯಲ್ಲಿ ಜೋಡಿಸಿದವನು ನಾನೇ. ಅಪ್ಪ ರಿಮೋಟಿನ ಮೂರೇ ಬಟನ್ನು ಕಲಿತರು: ರಿಕಾರ್ಡ್, ನಿಲ್ಲಿಸುವುದು, ಹಿಂದಕ್ಕೆ ಹೋಗುವುದು. ಸಂಜೆಯ ಸುದ್ದಿಯನ್ನೂ ರೈತರ ಕಾರ್ಯಕ್ರಮವನ್ನೂ ಹಿಡಿದಿಟ್ಟು, ಮರುದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಹಚ್ಚುತ್ತಿದ್ದರು. ಒಂದು ದಿನ ನಾನು ಬೇಗ ಮನೆಗೆ ಬಂದೆ. ಅಪ್ಪ ಟಿವಿಯಿಂದ ಎರಡು ಮೊಳ ದೂರದಲ್ಲಿ ಕೂತಿದ್ದರು. ಟಿವಿಯ ಪಕ್ಕದಲ್ಲಿ ಅವರಿಗೆ ಎದುರಾಗಿ ಅವ್ವ. ಸುದ್ದಿ ಓದುವವಳು ಒಂದು ವಾಕ್ಯ ಓದುತ್ತಿದ್ದಳು, ಅಪ್ಪ ನಿಲ್ಲಿಸುತ್ತಿದ್ದರು, ಅವ್ವ ಅದೇ ವಾಕ್ಯವನ್ನು ನಿಧಾನಕ್ಕೆ, ದನಿಯಿಲ್ಲದೆ, ತುಟಿಯಲ್ಲಿ ಹೇಳುತ್ತಿದ್ದಳು. ತಿಳಿಯದಿದ್ದರೆ ಅಪ್ಪ ಹಿಂದಕ್ಕೆ ಹೋಗುತ್ತಿದ್ದರು. ಅರ್ಧ ಗಂಟೆಯ ಸುದ್ದಿ ಮುಗಿಯಲು ಎರಡು ತಾಸು ಹಿಡಿಯುತ್ತಿತ್ತು.

ನನ್ನನ್ನು ಕಂಡು ಅವ್ವ ಒಳಗೆ ಎದ್ದು ಬಂದಳು.

"ಎಷ್ಟ ದಿನದಿಂದ ಹಿಂಗ?" ಎಂದು ಕೇಳಿದೆ.

"ಐದ ವರ್ಷಾತು. ಆ ದೊಡ್ಡ ಜ್ವರ ಬಂದಿತ್ತಲ್ಲ, ಅದು ಬಿಟ್ಟ ಮ್ಯಾಲೆ. ಹುಬ್ಬಳ್ಳ್ಯಾಗ ತೋರಿಸಿದಿವಿ. ನರ ಹೋಗೈತಿ, ಮಷೀನ ಹಾಕಿದ್ರೂ ಉಪಯೋಗಿಲ್ಲಂದ್ರು. ಯಾರಿಗೂ ಹೇಳಬ್ಯಾಡಂತ ಆಣಿ ಮಾಡಿಸ್ಯಾರ."

"ಪ್ಯಾಟ್ಯಾಗ ಹೆಂಗ ನಡಸ್ಯಾರ?"

"ತುಟಿ ನೋಡಿ ತಿಳಕೋತಾರ. ರೇಟು ಚೀಟ್ಯಾಗ ಬರದ ಹಾಕತಾರಲ್ಲ, ಸವಾಲ ಕೂಗೂದೇನೈತಿ." ಅವ್ವ ನನ್ನ ತುಟಿಯತ್ತ ನೋಡಿ ಹೇಳಿದಳು, "ನಿಂದೊಂದ ತಿಳಿಯೂದಿಲ್ಲ ಅವರಿಗೆ. ಮಾತು ತಡಿಯುವಾಗ ನಿನ್ನ ತುಟಿ ಬ್ಯಾರೆ ಥರಾ ಆಗತಾವು. ಅದಕ್ಕ ಇನ್ನೊಮ್ಮೆ ಹೇಳಂತಾರ."

ಐದು ವರ್ಷ ನಾನು ಅವಮಾನವೆಂದು ಲೆಕ್ಕವಿಟ್ಟದ್ದು ಇದನ್ನು. ಕಿವುಡ ಅನಿಸಿಕೊಳ್ಳುವುದಕ್ಕಿಂತ ಮಗನನ್ನು ಗೋಳು ಹೊಯ್ದುಕೊಳ್ಳುವ ಅಪ್ಪ ಅನಿಸಿಕೊಳ್ಳುವುದೇ ಅವರಿಗೆ ಲೇಸಾಗಿ ಕಂಡಿತ್ತು. ಅದನ್ನು ಅರ್ಥಮಾಡಿಕೊಂಡೆ. ಆದರೂ ಸಿಟ್ಟು ಇಳಿಯಲಿಲ್ಲ. 'ಎಮ್ಮಿ ಕರದಂಗ' ಎಂದು ಅಣಕಿಸಿದ್ದು ಜ್ವರಕ್ಕೂ ಮುಂಚಿನ ಮಾತು.

ಅಷ್ಟರಲ್ಲಿ ಬೀಜದ ವ್ಯಾಪಾರಿ ಸುಮ್ಮನಿರಲಿಲ್ಲ. ಹದಿನೈದು ದಿನದಲ್ಲಿ ಪೇಟೆಗೆಲ್ಲ ಗೊತ್ತಾಯಿತು. ಜನ ಅಂಗಡಿಗೆ ಬಂದು ಅಪ್ಪನ ಎದುರು ನಿಂತು, ಮಾತಾಡಿದಂತೆ ಬರೀ ತುಟಿ ಅಲ್ಲಾಡಿಸುತ್ತಿದ್ದರು. ಅಪ್ಪ ಎಂದಿನಂತೆ ತಲೆಯಾಡಿಸಿ, "ಆತು, ನಾಳೆ ಬಾ" ಎಂದೋ "ಮಾಲ ಛಲೋ ಐತಿ" ಎಂದೋ ಉತ್ತರ ಕೊಡುತ್ತಿದ್ದರು. ಕಂಬದ ಹಿಂದೆ ನಿಂತವರು ಉಸಿರು ಬಿಗಿಹಿಡಿದು ನಗುತ್ತಿದ್ದರು. ಅಣ್ಣ ಯಾರನ್ನೂ ತಡೆಯಲಿಲ್ಲ. ರೈತರ ಜೊತೆ ಮಾತಾಡುವುದನ್ನು, ಚೀಟಿ ಬರೆಯುವುದನ್ನು ಒಂದೊಂದಾಗಿ ತಾನೇ ಹಿಡಿದುಕೊಂಡ. "ಅಪ್ಪಾಗ ತ್ರಾಸ ಆಗತೈತಿ" ಅನ್ನುತ್ತಿದ್ದ.

ಒಂದು ಸಲ ಹಲಗೇರಿಯ ರೈತರು ನಾಲ್ಕೈದು ಮಂದಿ ಮಾಲು ತಂದಿದ್ದರು. ಅಪ್ಪ ಮುಷ್ಟಿ ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಐದು ವರ್ಷದಿಂದ ಅವರು ಬೆರಳಿನಿಂದ, ಮೂಗಿನಿಂದ ಕಾಯಿ ನೋಡಿ, ಕಿವಿಯದು ಬರೀ ರೂಢಿಗೆಂದು ಮಾಡುತ್ತಿದ್ದರು. ಅವರ ತೀರ್ಪು ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ. ನಾನು ಅವರ ಬೆನ್ನ ಹಿಂದೆ ನಿಂತು, "ಮೆಣಸಿನಕಾಯಿ ಏನ ಹೇಳಾಕತ್ತೈತಿ ಕೇಳಾಕತ್ತಾರ, ಸುಮ್ನಿರ್ರಿ" ಅಂದೆ. ರೈತರು ಗೊಳ್ಳೆಂದು ನಕ್ಕರು. ಅಷ್ಟು ಮಂದಿಯ ಮುಂದೆ, ಮಕಾರದಿಂದ ಶುರುವಾಗುವ ವಾಕ್ಯವೊಂದು ನನ್ನ ಬಾಯಿಂದ ಎಲ್ಲಿಯೂ ತಡೆಯದೆ ಬಂದದ್ದು ಅದೇ ಮೊದಲು. ಅಪ್ಪ ಮುಷ್ಟಿಯನ್ನು ನಿಧಾನಕ್ಕೆ ಕೆಳಗಿಳಿಸಿ ಕಾಯಿಗಳನ್ನು ಚೀಲಕ್ಕೆ ಹಾಕಿದರು. ಆಮೇಲೆ ಅವರು ಎಂದೂ ಕಿವಿಗೆ ಕಾಯಿ ಹಿಡಿಯಲಿಲ್ಲ.

ಬೇಸಿಗೆಯಲ್ಲಿ ಕ್ರಿಕೆಟ್ ಇತ್ತು. ಅಣ್ಣ ಮ್ಯಾಚೊಂದನ್ನು ರಿಕಾರ್ಡಿಗೆ ಹಚ್ಚಿ, ಹೆಂಡತಿಯನ್ನು ಕರೆದುಕೊಂಡು ಬೀಗರ ಮನೆಗೆ ಹೋಗಿದ್ದ. ಮರುದಿನ ಬೆಳಿಗ್ಗೆ ನೋಡಿದರೆ ಹಾರ್ಡ್ ಡಿಸ್ಕಿನಲ್ಲಿ ಜಾಗವಿಲ್ಲ, ಮ್ಯಾಚು ಅರ್ಧಕ್ಕೇ ನಿಂತಿತ್ತು. ಪಟ್ಟಿಯ ತುಂಬ ಅಪ್ಪನ ಸುದ್ದಿ, ಅಪ್ಪನ ರೈತರ ಕಾರ್ಯಕ್ರಮ. ಇನ್ನೂ ನೋಡಿ ಮುಗಿಸದವೇ ಹತ್ತಾರು ಇದ್ದವು. ಅಪ್ಪ ಅಲ್ಲೇ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದರು. ಅಣ್ಣ ಅವರಿಗೆ ಬೆನ್ನು ಮಾಡಿ ನಿಂತು, ಒಂದೊಂದನ್ನೇ ಅಳಿಸುತ್ತಾ ಹೋದ.

"ಅವರನ್ನ ಒಂದ ಮಾತ ಕೇಳೋ" ಅಂದಳು ಅವ್ವ.

"ಕಿವುಡಗ ಯಾಕ ಬೇಕಿವು? ಗ್ವಾಡಿ ನೋಡಕೋತ ಕುಂತ್ರೂ ಅಷ್ಟ" ಅಂದ ಅಣ್ಣ.

ಅಪ್ಪ ಪರದೆಯ ಮೇಲೆ ಹೆಸರುಗಳು ಮಾಯವಾಗುವುದನ್ನು ನೋಡಿ, ಅವ್ವನ ಕಡೆ ತಿರುಗಿದರು. ಏನಂದ ಎಂದು ಹುಬ್ಬಿನಲ್ಲೇ ಕೇಳಿದರು. ಅವ್ವ ಸುಳ್ಳು ಹೇಳಬಹುದಿತ್ತು. ಐದು ವರ್ಷ ಎಷ್ಟು ಮಾತುಗಳನ್ನು ಮೆತ್ತಗೆ ಮಾಡಿ ದಾಟಿಸಿದ್ದಳೋ ನನಗೆ ಗೊತ್ತಿಲ್ಲ. ಅವತ್ತು ಅವಳು ಅಪ್ಪನ ಎದುರಿಗೆ ಹೋಗಿ ನಿಂತು, ಸುದ್ದಿಯ ವಾಕ್ಯಗಳನ್ನು ಹೇಳುವಂತೆಯೇ, ದನಿಯಿಲ್ಲದೆ, ಒಂದಕ್ಷರ ಬಿಡದೆ ಹೇಳಿದಳು. ಕಿವುಡಗ ಯಾಕ ಬೇಕಿವು. ಗ್ವಾಡಿ ನೋಡಕೋತ ಕುಂತ್ರೂ ಅಷ್ಟ. ಅವಳ ತುಟಿ ಆಡಿದ್ದು ನನಗೂ ಸ್ಪಷ್ಟವಾಗಿ ತಿಳಿಯಿತು.

ಅಪ್ಪ ಚಹಾದ ಕಪ್ಪನ್ನು ಖಾಲಿ ಮಾಡಿ ಕೆಳಗಿಟ್ಟರು. ಸೊಂಟದಿಂದ ಅಂಗಡಿಯ ಕೀಲಿಕೈ ಗೊಂಚಲು ಬಿಚ್ಚಿ ಕಪ್ಪಿನ ಪಕ್ಕ ಹಾಕಿದರು. ಅಣ್ಣ ತಿರುಗಿ ನೋಡಿದ. ಅಪ್ಪ, "ತಗೋ" ಅಂದರು. ಅಣ್ಣ ಒಂದು ಗಳಿಗೆ ಅವ್ವನ ಮುಖ, ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ತೆಗೆದುಕೊಂಡ. ಅವನು ಬೇಡವೆನ್ನಬಹುದು ಎಂದು ಅಪ್ಪ ಕಾದಿದ್ದರೋ ಏನೋ. ಕಾದಿದ್ದರೂ ಅವರ ಮುಖದಲ್ಲಿ ಕಾಣಲಿಲ್ಲ.

ಅಪ್ಪ ಮತ್ತೆ ಪೇಟೆಗೆ ಹೋಗಲಿಲ್ಲ. ತೀರಿಕೊಳ್ಳುವವರೆಗೆ ನಾಲ್ಕು ವರ್ಷ ಮನೆಯಲ್ಲೇ ಇದ್ದರು. ಕೊನೆಯ ವರ್ಷ ಅವ್ವನಿಗೆ ಕಣ್ಣಿನ ಆಪರೇಷನ್ ಆಗಿ, ಟಿವಿಯ ಮುಂದೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಆ ಒಂದು ತಿಂಗಳು ಅವಳ ಜಾಗದಲ್ಲಿ ನಾನು ಕೂತೆ. ಮೊದಲ ದಿನ ಅಪ್ಪ ನನ್ನ ತುಟಿ ನೋಡಿ ನೋಡಿ ಬೇಸತ್ತು, "ನಿನ್ನ ಬಾಯಿ ನೋಡೂದಕ್ಕಿಂತ ಗ್ವಾಡಿ ನೋಡೂದ ಛಲೋ" ಅಂದರು. ಹಾಗೆ ಅಂದರೂ ಮರುದಿನ ಕರೆದರು. ನಿಧಾನಕ್ಕೆ ಇಬ್ಬರಿಗೂ ರೂಢಿಯಾಯಿತು. ದನಿ ತೆಗೆಯದೆ ಬರೀ ತುಟಿ ಆಡಿಸಿದರೆ ನನಗೆ ಮಾತು ತಡೆಯುವುದಿಲ್ಲ ಎಂಬುದು ಆಗ ಗೊತ್ತಾಯಿತು.

ಒಂದು ಮಧ್ಯಾಹ್ನ ಸುದ್ದಿಯ ನಡುವೆ ಅಪ್ಪ ರಿಮೋಟ್ ಒತ್ತಿ ನಿಲ್ಲಿಸಿದ್ದರು. ನಾನು ಸುದ್ದಿಯ ವಾಕ್ಯ ಬಿಟ್ಟು, "ರಾಣೆಬೆನ್ನೂರಾಗ ರಿಮೋಟು ನನ್ನ ಕೈಯಾಗಿತ್ತು" ಎಂದು ತುಟಿಯಲ್ಲಿ ಹೇಳಿದೆ.

ಇನ್ನೊಮ್ಮೆ ಹೇಳು ಅನ್ನಲಿಲ್ಲ ಅವರು. "ಗೊತ್ತೈತಿ" ಅಂದರು.

ನಾನು ತಲೆ ತಗ್ಗಿಸಿದೆ. ಅವರು ಕೈಚಾಚಿ ನನ್ನ ಗಲ್ಲ ಹಿಡಿದು, ಮುಖ ಮೇಲೆತ್ತಿದರು. ಪ್ರೀತಿಯಿಂದ ಎಂದು ಒಂದು ಕ್ಷಣ ಅನಿಸಿತು. ತುಟಿ ಕಾಣಲಿ ಎಂದು ಹಾಗೆ ಮಾಡಿದ್ದರು.

"ನಿನ್ನ ಜಾಗಾದಾಗ ನಾ ಇದ್ದಿದ್ರ ನಾನೂ ಒತ್ತತಿದ್ದೆ" ಅಂದರು. "ಆದ್ರ ಮತ್ತ ಚಾಲೂ ಮಾಡತಿರಲಿಲ್ಲ. ನೀ ಅಂಜಿದಿ."

ಅವರು ಗಲ್ಲ ಬಿಟ್ಟು, ಸುದ್ದಿಯನ್ನು ಒಂದು ವಾಕ್ಯ ಹಿಂದಕ್ಕೆ ತೆಗೆದುಕೊಂಡು ಹೋದರು. ಸುದ್ದಿ ಓದುವವಳು ಗಳಗನಾಥದ ಕಡೆ ಹೊಳೆ ಏರುತ್ತಿದೆ ಎಂದು ಓದಿದಳು. ಅಪ್ಪ ನಿಲ್ಲಿಸಿ ನನ್ನ ಬಾಯಿ ನೋಡಿದರು. ನಾನು ಹೇಳಿದೆ.